ಕಾದಂಬರಿ ಬರೆಯಲು ಯಾವ ಆಪ್ ಬಳಸಲಿ, ಹಸ್ತಪ್ರತಿಯನ್ನು ಎಲ್ಲಿ ಇಡಲಿ?

ಮೊಬೈಲ್‌ನ ನೋಟ್ಸ್‌ನಲ್ಲೇ 11 ಅಧ್ಯಾಯ ಬರೆದಿದ್ದೀರಿ, ಫೋನ್ ಕೆಟ್ಟರೆ ಎಲ್ಲ ಹೋದೀತು ಎಂಬ ಭಯ ಈಗ ಹತ್ತಿದೆ, ಹಾಗಾಗಿ ಒಳ್ಳೆಯ ಆಪ್ ಯಾವುದು ಎಂದು ಕೇಳಿದ್ದೀರಿ. ಆಪ್‌ನ ಹೆಸರಿಗಿಂತ ಮೊದಲು ಒಂದು ಪರೀಕ್ಷೆ ಹೇಳುತ್ತೇನೆ. ಅದರಲ್ಲಿ ಒಂದು ಪುಟ ಬರೆಯಿರಿ. ಅದನ್ನು ಹೊರತೆಗೆದು ಬೇರೆ ಕಂಪ್ಯೂಟರಿನಲ್ಲಿ, ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ಒತ್ತಕ್ಷರ, ದೀರ್ಘ ಎಲ್ಲ ಇದ್ದಲ್ಲೇ ಇದ್ದರೆ ಮಾತ್ರ ಅದನ್ನು ನಂಬಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮೊದಲ ಕಥೆಗಳನ್ನೆಲ್ಲ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆ. ಅಂಥ ಫಾಂಟ್‌ಗಳಲ್ಲಿ ಕಂಪ್ಯೂಟರಿಗೆ ಕಾಣುವುದು ಇಂಗ್ಲಿಷ್ ಅಕ್ಷರ, ನಮಗೆ ಕಾಣುವುದು ಅದರ ಮೇಲೆ ಕೂರಿಸಿದ ಕನ್ನಡದ ಆಕಾರ. ವರ್ಷಗಳ ಮೇಲೆ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್ ಮಾಡುವ ಪರಿವರ್ತಕಕ್ಕೆ ಹಾಕಿದಾಗ ಕನ್ನಡವೇನೋ ಬಂತು, ಆದರೆ ‘ಸೂರ್ಯ’ ಎಂದಿದ್ದಲ್ಲೆಲ್ಲ ‘ಸೂಯರ್’! ಹಳೆಯ ಫಾಂಟ್‌ನಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದೆವು, ಯೂನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ಪರಿವರ್ತಕ ಆ ಜಾಗ ಬದಲಿಸಲಿಲ್ಲ. ಒಂದೊಂದೇ ಅರ್ಕಾವೊತ್ತು ಹುಡುಕಿ ತಿದ್ದಲು ಎರಡು ತಿಂಗಳು ಹಿಡಿಯಿತು. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿ ಅಭ್ಯಾಸವಿದ್ದರೆ ಅದನ್ನು ಬಿಡಬೇಕಿಲ್ಲ, ಎರಡರಲ್ಲೂ ಯೂನಿಕೋಡ್ ಆಯ್ಕೆ ಇದೆ. ಅದನ್ನೇ ಆರಿಸಿಕೊಳ್ಳಿ. ಮುದ್ರಣಕ್ಕೆ ಹಳೆಯ ಫಾಂಟ್ ಬೇಕು ಎಂದರೆ ಆಗ ಪರಿವರ್ತಿಸಿ ಕೊಟ್ಟರಾಯಿತು, ಮೂಲಪ್ರತಿ ಯೂನಿಕೋಡ್‌ನಲ್ಲೇ ಇರಲಿ.

ಈಗ ಉಪಕರಣಕ್ಕೆ ಬರುತ್ತೇನೆ. ಕಂಪ್ಯೂಟರಿನಲ್ಲಿ ಬರೆಯುವುದಾದರೆ ಲಿಬ್ರೆಆಫೀಸ್ ರೈಟರ್ ಸಾಕು, ಉಚಿತ. ಫೋನಿನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಒಂದೇ ಅಧ್ಯಾಯ ಮುಂದುವರಿಸಬೇಕೆಂದರೆ ಗೂಗಲ್ ಡಾಕ್ಸ್ ಅನುಕೂಲ. ಅದರ ಆವೃತ್ತಿ ಇತಿಹಾಸ, ಅಂದರೆ ಕಡತದ ಹಿಂದಿನ ರೂಪಗಳನ್ನು ಉಳಿಸಿಡುವ ಸೌಲಭ್ಯ, ನನಗೆ ತುಂಬ ಇಷ್ಟ. ಒಂದು ಕರಡು ಮುಗಿದ ದಿನ ಆ ಆವೃತ್ತಿಗೆ ಹೆಸರಿಟ್ಟುಬಿಡುತ್ತೇನೆ, ಹೊಡೆದುಹಾಕಿದ ಸಂಭಾಷಣೆ ಮತ್ತೆ ಬೇಕೆನಿಸಿದರೆ ಅಲ್ಲಿಂದ ತರಬಹುದು. ಆದರೆ ಇಡೀ ಕಾದಂಬರಿಯನ್ನು ಒಂದೇ ಕಡತದಲ್ಲಿ ತುಂಬಬೇಡಿ. ಅಲ್ಲಿ ಒಂದು ಕಡತಕ್ಕೆ 10.2 ಲಕ್ಷ ಅಕ್ಷರಗಳ ಮಿತಿ ಇದೆ, ಕನ್ನಡದಲ್ಲಿ ಅದು ಬೇಗ ತುಂಬುತ್ತದೆ. ‘ಸ್ತ್ರೀ’ ನಮಗೆ ಒಂದಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು. ಅಧ್ಯಾಯಕ್ಕೊಂದು ಕಡತ ಮಾಡಿ, ಹೆಸರಿನ ಮುಂದೆ 01, 02 ಎಂದು ಸಂಖ್ಯೆ ಹಾಕಿ.

ದೃಶ್ಯಗಳನ್ನು ಹಿಂದೆ ಮುಂದೆ ಮಾಡುತ್ತ ಬರೆಯುವವರಿಗೆ ಸ್ಕ್ರಿವೆನರ್ ಎಂಬ ಬರವಣಿಗೆಯ ತಂತ್ರಾಂಶ ಹೇಳಿ ಮಾಡಿಸಿದಂತಿದೆ, ಹಣ ಕೊಡಬೇಕು. ಅಬ್ಸಿಡಿಯನ್ ಎಂಬ ಟಿಪ್ಪಣಿ ಆಪ್ ಕೂಡ ಚೆನ್ನಾಗಿದೆ. ಅದು ಬರೆದದ್ದನ್ನು ನಿಮ್ಮದೇ ಫೋಲ್ಡರಿನಲ್ಲಿ ಸರಳ ಪಠ್ಯವಾಗಿ ಇಡುತ್ತದೆ, ನಾಳೆ ಆ ಆಪ್ ಇಲ್ಲದಿದ್ದರೂ ಕಡತಗಳು ಯಾವ ನೋಟ್‌ಪ್ಯಾಡ್‌ನಲ್ಲಾದರೂ ತೆರೆಯುತ್ತವೆ.

ನಿಜವಾದ ಚಿಂತೆ ಕಾಪಾಡುವುದರಲ್ಲಿದೆ. ಸಿಂಕ್ ಆಗುತ್ತಿದೆ (ಒಂದು ಸಾಧನದಲ್ಲಿ ಮಾಡಿದ ಬದಲಾವಣೆ ಉಳಿದವುಗಳಲ್ಲೂ ತಾನೇ ಆಗುತ್ತಿದೆ) ಎಂದರೆ ಬ್ಯಾಕಪ್, ಅಂದರೆ ಪ್ರತ್ಯೇಕ ಕಾಪು ಪ್ರತಿ, ಇದೆ ಎಂದಲ್ಲ. ಒಮ್ಮೆ ಫೋನಿನಲ್ಲಿ ಜಾಗ ಮಾಡಲು ಒಂದು ಫೋಲ್ಡರ್ ಅಳಿಸಿದೆ, ನಾಲ್ಕು ಅಧ್ಯಾಯ ಲ್ಯಾಪ್‌ಟಾಪ್‌ನಿಂದಲೂ ಮಾಯವಾದವು. ಆ ಕ್ಷಣದ ಕೈನಡುಕ ಈಗಲೂ ನೆನಪಿದೆ. ಕಸದಬುಟ್ಟಿಯಲ್ಲಿ ಸಿಕ್ಕವು. ಗೂಗಲ್ ಡ್ರೈವ್‌ನಲ್ಲಾದರೆ ಆ ಬುಟ್ಟಿ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ಗೂಗಲ್ ಖಾತೆಯನ್ನೇ ಅಳಿಸುವ ನಿಯಮವೂ ಇದೆ, ‘ಹಳೆಯ ಮೇಲ್‌ನಲ್ಲಿ ಭದ್ರವಾಗಿದೆ’ ಎಂದು ಕೂರಬೇಡಿ.

ಅದಕ್ಕೇ 3-2-1 ಎನ್ನುವ ಪದ್ಧತಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ನನ್ನದು ಹೀಗಿದೆ: ಲ್ಯಾಪ್‌ಟಾಪ್‌ನಲ್ಲಿ ಮೂಲ, ಕ್ಲೌಡ್‌ನಲ್ಲಿ ಒಂದು, ಪ್ರತಿ ಭಾನುವಾರ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಒಂದು. ಹಾರ್ಡ್‌ಡಿಸ್ಕ್‌ನಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ, ತಾರೀಖು ಹಾಕಿದ ಹೊಸ ಫೋಲ್ಡರ್ ಮಾಡುತ್ತೇನೆ. ಜಾಗದ ಚಿಂತೆ ಬೇಡ. ಒಂದು ಲಕ್ಷ ಪದಗಳ ಕನ್ನಡ ಕಾದಂಬರಿ ಬರೀ ಪಠ್ಯವಾಗಿ ಎರಡು-ಮೂರು ಎಂಬಿ, ಫೋನಿನಲ್ಲಿ ತೆಗೆದ ಒಂದು ಫೋಟೊದಷ್ಟು.

ನಿಮ್ಮ 11 ಅಧ್ಯಾಯಗಳ ವಿಷಯಕ್ಕೆ ಬಂದರೆ, ಹೊಸ ಆಪ್ ಹುಡುಕುವುದು ನಾಳೆಗಿರಲಿ. ಇವತ್ತು ಒಂದೊಂದನ್ನೂ ಕಾಪಿ ಮಾಡಿ ನಿಮಗೇ ಮೇಲ್ ಮಾಡಿಕೊಳ್ಳಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಓದಿ ನೋಡಿ. ದೊಡ್ಡ ಟಿಪ್ಪಣಿ ಕಾಪಿ ಮಾಡುವಾಗ ಕೊನೆಯ ಭಾಗ ಬಿಟ್ಟುಹೋಗುವುದುಂಟು.