ಎಸ್‌ಒಡಿ1 ದೋಷದಿಂದ ಬರುವ ಎಎಲ್‌ಎಸ್‌ಗೆ ಆಂಟಿಆಕ್ಸಿಡೆಂಟ್ ಮಾತ್ರೆ ಕೊಡಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂದೆಯವರಿಗೆ ಎಎಲ್‌ಎಸ್ (ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ) ಇದೆ, ಜೀನ್ ಪರೀಕ್ಷೆಯಲ್ಲಿ ಎಸ್‌ಒಡಿ1 ದೋಷ ಕಂಡಿದೆ. ಎಸ್‌ಒಡಿ1 ಅಂದರೆ ಮೆದುಳನ್ನು ಕಾಯುವ ಆಂಟಿಆಕ್ಸಿಡೆಂಟ್ ಪ್ರೋಟೀನ್ ಎಂದು ಓದಿದ್ದೀರಿ. ಹಾಗಾದರೆ ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟು ಆ ಕೊರತೆ ತುಂಬಬಹುದಲ್ವಾ ಎಂದು ಕೇಳಿದ್ದೀರಿ.

ಆಗುವುದಿಲ್ಲ. ಯಾಕೆಂದರೆ ತೊಂದರೆ ಕೊಡುತ್ತಿರುವುದು ಕೊರತೆಯಲ್ಲ.

ನಾನು ಡಾಕ್ಟರ್ ಅಲ್ಲ, ಡಿಗ್ರಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮಕ್ಕಳಿಂದ ಪಾಲಕ್ ಸೊಪ್ಪಿನ ರಸದಲ್ಲಿ ಎಸ್‌ಒಡಿ ಕಿಣ್ವದ ಪ್ರಯೋಗ ಮಾಡಿಸುತ್ತೇನೆ. ಬೆಳಕಿಗಿಟ್ಟ ದ್ರಾವಣ ನಿಧಾನಕ್ಕೆ ನೀಲಿಯಾಗುತ್ತದೆ. ರಸ ಹಾಕಿದ ಟ್ಯೂಬಿನಲ್ಲಿ ಮಾತ್ರ ನೀಲಿ ಕಡಿಮೆ. ನೀಲಿ ಬಣ್ಣ ತರಿಸುವುದು ಸೂಪರ್‌ಆಕ್ಸೈಡ್, ಅಂದರೆ ಆಮ್ಲಜನಕದ ಒಂದು ಪುಂಡ ರೂಪ. ಸೊಪ್ಪಿನಲ್ಲಿರುವ ಎಸ್‌ಒಡಿ ಅದನ್ನು ತೆಗೆದುಹಾಕುತ್ತದೆ. ಇದೇ ಕೆಲಸ ನಮ್ಮ ನರಕೋಶಗಳಲ್ಲೂ ಹಗಲು ರಾತ್ರಿ ನಡೆಯುತ್ತಿರುತ್ತದೆ. ಮೆದುಳು ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ, ಆದರೆ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟನ್ನು ಅದೇ ಬಳಸುತ್ತದೆ. ಅಷ್ಟು ಉರಿದರೆ ಕಿಡಿ ಹಾರದೇ ಇರುತ್ತಾ? ಎಸ್‌ಒಡಿ1 ತನ್ನೊಳಗಿನ ತಾಮ್ರದ ಸಹಾಯದಿಂದ ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಆಮ್ಲಜನಕವಾಗಿ ಬದಲಾಯಿಸುತ್ತದೆ. ಆ ಪೆರಾಕ್ಸೈಡನ್ನು ಕ್ಯಾಟಲೇಸ್, ಪೆರಾಕ್ಸಿರೆಡಾಕ್ಸಿನ್‌ನಂಥ ಬೇರೆ ಪ್ರೋಟೀನ್‌ಗಳು ನೋಡಿಕೊಳ್ಳುತ್ತವೆ. ಎಸ್‌ಒಡಿಯ ಈ ಗುಣವನ್ನು 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಕಂಡುಹಿಡಿದರು.

1993ರಲ್ಲಿ, ಎಎಲ್‌ಎಸ್ ವಂಶದಲ್ಲೇ ಬರುವ ಕೆಲವು ಕುಟುಂಬಗಳಲ್ಲಿ ಈ ಜೀನ್‌ನ ದೋಷ ಸಿಕ್ಕಿತು. ಆಗ ವಿಜ್ಞಾನಿಗಳಿಗೂ ಮೊದಲು ಹೊಳೆದದ್ದು ನಿಮಗೆ ಹೊಳೆದದ್ದೇ. ಕಾವಲು ಕೆಟ್ಟಿದೆ, ಅದಕ್ಕೇ ನರಕೋಶ ಸಾಯುತ್ತಿದೆ ಅಂತ. ಆ ಲೆಕ್ಕ ತಪ್ಪು ಎಂದು ತೋರಿಸಿದ್ದು ಇಲಿಗಳು.

1994ರಲ್ಲಿ ಮನುಷ್ಯರ ದೋಷವಿರುವ ಜೀನನ್ನು ಇಲಿಗಳಿಗೆ ಸೇರಿಸಿದರು. ಆ ದೋಷದ ಹೆಸರು ಜಿ93ಎ. ಇಲಿಗಳ ಸ್ವಂತ ಎಸ್‌ಒಡಿ1 ಹಾಗೇ ಇತ್ತು. ಹೊಸದಾಗಿ ಬಂದ ಪ್ರೋಟೀನ್ ಕೂಡ ಸೂಪರ್‌ಆಕ್ಸೈಡನ್ನು ಚೆನ್ನಾಗಿಯೇ ತೆಗೆಯುತ್ತಿತ್ತು. ಅಂದರೆ ಕಾವಲು ಮಾಮೂಲಿಗಿಂತ ಜಾಸ್ತಿಯೇ ಇತ್ತು. ಆದರೂ ಇಲಿಗಳ ಕಾಲು ಸೋತು ಹೋದವು. ಎರಡು ವರ್ಷದ ನಂತರ ಇನ್ನೊಂದು ಗುಂಪು ಎಸ್‌ಒಡಿ1 ಜೀನನ್ನೇ ತೆಗೆದ ಇಲಿಗಳನ್ನು ಬೆಳೆಸಿತು. ಅವು ದೊಡ್ಡವಾದವು, ಎಎಲ್‌ಎಸ್‌ನಲ್ಲಿ ಆಗುವಂತೆ ಕುಸಿಯಲಿಲ್ಲ. ಈ ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ಕ್ಲಾಸಿನಲ್ಲಿ ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಕೆಡುಕು ಎಲ್ಲಿದೆ? ಪ್ರೋಟೀನ್ ಮಡಚಿಕೊಳ್ಳುವ ರೀತಿಯಲ್ಲಿ. ಸರಿಯಾದ ಎಸ್‌ಒಡಿ1 ಬಹಳ ಗಟ್ಟಿ, 80 ಡಿಗ್ರಿ ಬಿಸಿಗೂ ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. ದೋಷವಿದ್ದರೆ ಅದರ ಹಿಡಿತ ಸಡಿಲವಾಗುತ್ತದೆ. ಸಡಿಲವಾದವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗಂಜಿಗೆ ಹಾಕಿದ ರಾಗಿ ಹಿಟ್ಟು ಗಂಟು ಕಟ್ಟುತ್ತದಲ್ಲ, ಹಾಗೆ. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಇದರಿಂದ ನರಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತೇವೆ, ಆದರೆ ಇಲ್ಲಿ ಬೇಲಿ ಮೇಯುತ್ತಲೇ ಕಾಯುತ್ತಲೂ ಇರುತ್ತದೆ. ಅದಕ್ಕೇ ಹೊರಗಿನಿಂದ ಇನ್ನಷ್ಟು ಆಂಟಿಆಕ್ಸಿಡೆಂಟ್ ತಂದು ಸುರಿದರೆ ಈ ಗಂಟು ಬಿಚ್ಚುವುದಿಲ್ಲ.

ಎಲ್ಲ ನರರೋಗದಲ್ಲೂ ಹೀಗೇ ಅಂತಲ್ಲ. ಡಿಜೆ-1 ಎಂಬ ಇನ್ನೊಂದು ರಕ್ಷಕ ಪ್ರೋಟೀನ್ ಇದೆ. ತಂದೆ, ತಾಯಿ ಇಬ್ಬರಿಂದಲೂ ಅದರ ಕೆಟ್ಟ ಜೀನ್ ಬಂದರೆ ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬರುತ್ತದೆ. ಅಲ್ಲಿ ನಿಜಕ್ಕೂ ಕೊರತೆಯೇ ಕಾರಣ. ಆದರೆ ಸಾಮಾನ್ಯ ಪಾರ್ಕಿನ್ಸನ್‌ಗೆ ಮಾತ್ರೆ ಪ್ರಯೋಗಿಸಿದಾಗಲೂ ಫಲ ಸಿಗಲಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 800 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ವಿಟಮಿನ್ ಇ ದೊಡ್ಡ ಪ್ರಮಾಣದಲ್ಲಿ ಕೊಟ್ಟರೂ ಕಾಯಿಲೆಯ ವೇಗ ಕಡಿಮೆಯಾಗಲಿಲ್ಲ.

ಎಎಲ್‌ಎಸ್‌ಗೆ ಎಡರವೋನ್ ಎಂಬ ಔಷಧಿ ಇದೆ, ಅದು ಇಂಥ ಪುಂಡ ಕಣಗಳನ್ನೇ ಹೀರುತ್ತದೆ. ಕಾಯಿಲೆಯ ಶುರುವಿನಲ್ಲಿದ್ದ ಕೆಲವರಿಗೆ ಸ್ವಲ್ಪ ಅನುಕೂಲವಾಯಿತು ಎಂದು ಜಪಾನಿನ ಪ್ರಯೋಗ ಹೇಳಿತು. ಯುರೋಪಿನಲ್ಲಿ ಬಾಯಿಂದ ಕೊಡುವ ರೂಪವನ್ನು ಪ್ರಯೋಗಿಸಿದಾಗ ಲಾಭ ಕಾಣಲಿಲ್ಲ.

ನಿಮ್ಮ ತಂದೆಯವರ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಔಷಧಿ ಟೋಫರ್ಸೆನ್. ಇದು ಕೆಟ್ಟ ಪ್ರೋಟೀನ್ ತಯಾರಾಗುವುದನ್ನೇ ತಗ್ಗಿಸುತ್ತದೆ. ಬೆನ್ನುಮೂಳೆಯ ನಡುವೆ ಸೂಜಿ ಹಾಕಿ ಕೊಡುತ್ತಾರೆ. ಅಮೆರಿಕದಲ್ಲಿ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ನಿಜ ಹೇಳಿಬಿಡುತ್ತೇನೆ: 108 ಜನರ ಮುಖ್ಯ ಪ್ರಯೋಗದಲ್ಲಿ 28 ವಾರಕ್ಕೆ ರೋಗಿಗಳ ಶಕ್ತಿಯಲ್ಲಿ ಸ್ಪಷ್ಟ ವ್ಯತ್ಯಾಸ ಬರಲಿಲ್ಲ. ನರ ಹಾಳಾದಾಗ ರಕ್ತದಲ್ಲಿ ಏರುವ ಒಂದು ಗುರುತು ಮಾತ್ರ ಚೆನ್ನಾಗಿ ಇಳಿಯಿತು, ಬೇಗ ಶುರು ಮಾಡಿದವರ ಸ್ಥಿತಿ ಆಮೇಲಿನ ತಿಂಗಳುಗಳಲ್ಲಿ ಸ್ವಲ್ಪ ವಾಸಿ ಕಂಡಿತು. ಬೆಲೆ ತುಂಬಾ ಜಾಸ್ತಿ. ಆದರೂ ನಿಮ್ಮ ನರರೋಗ ತಜ್ಞರ ಹತ್ತಿರ ಈ ಹೆಸರು ಹೇಳಿ, ತರಿಸಲು ದಾರಿ ಇದೆಯಾ ಎಂದು ಕೇಳಿ. ತಡ ಮಾಡಬೇಡಿ. ಎಎಲ್‌ಎಸ್‌ಗೆ ಕೊಡುವ ಇನ್ನೊಂದು ಔಷಧಿ ರಿಲುಜೋಲ್ ಕೊಡುತ್ತಿದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.

ರಿಪೋರ್ಟನ್ನು ಇನ್ನೊಮ್ಮೆ ತೆಗೆದು ನೋಡಿ. ಎಸ್‌ಒಡಿ1 ಪಕ್ಕದಲ್ಲಿ ದೋಷದ ಹೆಸರು ಇರುತ್ತದೆ. ಇನ್ನೂರರ ಹತ್ತಿರ ಬಗೆಗಳಿವೆ, ಎಲ್ಲವೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಎ4ವಿ ಬಹಳ ವೇಗದ್ದು (ಈಗ ಕೆಲವು ಲ್ಯಾಬ್‌ಗಳು ಇದನ್ನೇ ಎ5ವಿ ಎಂದು ಬರೆಯುತ್ತವೆ, ಗಾಬರಿಯಾಗಬೇಡಿ). ಡಿ90ಎ ಎರಡೂ ಕಡೆಯಿಂದ ಬಂದಿದ್ದರೆ ಎಷ್ಟೋ ವರ್ಷ ನಿಧಾನವಾಗಿ ಸಾಗುತ್ತದೆ. ನಿಮ್ಮ ತಂದೆಯವರದು ಯಾವುದು ಎಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ನೀವು ಕೇಳದಿದ್ದರೂ ಒಂದು ಮಾತು. ಈ ದೋಷಗಳಲ್ಲಿ ಹೆಚ್ಚಿನವು ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನೀವಾಗಲಿ, ನಿಮ್ಮ ತಂಗಿಯಾಗಲಿ ಅವಸರದಲ್ಲಿ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬೇಡಿ. ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ, ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಹೋಗಿ.