ಡೆವಲಪ್‌ಮೆಂಟ್ ಬ್ರಾಂಚ್‌ನಲ್ಲಿ ಪ್ರಯೋಗಕ್ಕೆ ಎಷ್ಟು ಜಾಗ ಬಿಡಬೇಕು?

ತಂಡದಲ್ಲಿ ಅರ್ಧ ಜನ "ಡೆವಲಪ್‌ಮೆಂಟ್ ಬ್ರಾಂಚ್ ಅಂದಮೇಲೆ ಒಡೆಯೋದು ಸಹಜ" ಅಂತಾರೆ, ಉಳಿದರ್ಧ ಏನನ್ನೂ ಮುಟ್ಟಲು ಬಿಡುತ್ತಿಲ್ಲ, ಸ್ಥಿರತೆಗೆಷ್ಟು ಪ್ರಯೋಗಕ್ಕೆಷ್ಟು ಅಂತ ಕೇಳಿದ್ದೀರಿ. ಈ ವಾದವನ್ನು ಎರಡೂ ಕಡೆ ನಿಂತು ಮಾಡಿದವನು ನಾನು. ಈಗ ಪಾಲು ಹಂಚುವ ಮಾತನ್ನೇ ಒಪ್ಪುವುದಿಲ್ಲ. ಆ ಬ್ರಾಂಚ್ ಇರುವುದು ಎಲ್ಲರ ಕೆಲಸವನ್ನು ಒಂದೆಡೆ ಸೇರಿಸಿ ನೋಡಲು. ಪ್ರಯೋಗ ಅಲ್ಲಿಗೆ ಬರುವ ಮೊದಲೇ ಮುಗಿದಿರಬೇಕು, ಇಲ್ಲವೇ ಆಫ್ ಆಗಿಯೇ ಬರಬೇಕು.

ಪಾಲು ಹಂಚಿದರೆ ಏನಾಗುತ್ತದೆ ಅನ್ನುವುದನ್ನು ಲಿನಕ್ಸ್ ಅನುಭವಿಸಿ ನೋಡಿದೆ. ಆಗ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಆವೃತ್ತಿಯ ಎರಡನೇ ಅಂಕಿ ಸಮಸಂಖ್ಯೆಯಾದರೆ ಸ್ಟೇಬಲ್, ಬೆಸವಾದರೆ ಡೆವಲಪ್‌ಮೆಂಟ್. 2001ರ ಜನವರಿಯಲ್ಲಿ 2.4.0 ಬಂತು, ನವೆಂಬರ್‌ನಲ್ಲಿ 2.5 ತೆರೆಯಿತು, ಅದು 2.6.0 ಆಗಿ ಹೊರಬೀಳುವಷ್ಟರಲ್ಲಿ 2003ರ ಡಿಸೆಂಬರ್. ಅಷ್ಟರೊಳಗೆ ಎರಡೂ ಕಡೆ ಕೆಟ್ಟಿತ್ತು. ಸ್ಟೇಬಲ್ ಅನ್ನಿಸಿಕೊಂಡ ಸರಣಿಯ ನಡುವೆ, 2.4.10ರಲ್ಲಿ, ಮೆಮೊರಿ ನಿರ್ವಹಣೆಯ ಕೋಡನ್ನೇ ಬದಲಿಸಿದರು. 2.5ರಲ್ಲಿ ಐಡಿಇ ಡಿಸ್ಕ್ ಡ್ರೈವರನ್ನು ತಿರುಗಿ ಬರೆಯಲು ಹೋಗಿ, 2002ರಲ್ಲಿ ಅದನ್ನು ಕೈಬಿಟ್ಟು 2.4ರ ಕೋಡನ್ನೇ ತಂದು ಕೂರಿಸಿದರು. ಡಿಸ್ಕ್ ಡ್ರೈವರ್ ಮೇಲೆ ಭರವಸೆಯಿಲ್ಲದ ಕರ್ನಲನ್ನು ದಿನದ ಕೆಲಸದ ಯಂತ್ರಕ್ಕೆ ಯಾರು ಹಾಕುತ್ತಾರೆ? ಇತ್ತ ಲಿನಕ್ಸನ್ನು ಪ್ಯಾಕ್ ಮಾಡಿ ಕೊಡುವ ವಿತರಣೆಗಳು (ಡಿಸ್ಟ್ರೋ) ಕಾಯಲಾರದೆ 2.5ರ ಸೌಲಭ್ಯಗಳನ್ನು ತಮ್ಮ ತಮ್ಮ 2.4ಕ್ಕೆ ತುಂಬಿಕೊಂಡವು. ಜನ ಓಡಿಸುತ್ತಿದ್ದ "ಸ್ಟೇಬಲ್" ಕರ್ನಲ್ ಒಬ್ಬೊಬ್ಬರ ಬಳಿ ಒಂದೊಂದು ಥರ. 2.7 ತೆರೆಯಲೇ ಇಲ್ಲ. ಈಗ ಎರಡು ವಾರ ಹೊಸ ಕೋಡ್ ಸೇರಿಸಿಕೊಳ್ಳುವ ಮರ್ಜ್ ವಿಂಡೋ, ಆಮೇಲೆ ಆರು-ಏಳು ವಾರ ಬರೀ ದುರಸ್ತಿ, ಒಂಬತ್ತು-ಹತ್ತು ವಾರಕ್ಕೊಂದು ಬಿಡುಗಡೆ. ಮುಂದಿನ ಬಸ್ಸು ಬೇಗ ಬರುತ್ತದೆಂದು ಗೊತ್ತಿದ್ದರೆ ಯಾರೂ ಫುಟ್‌ಬೋರ್ಡ್ ಮೇಲೆ ನೇತಾಡುವುದಿಲ್ಲ. ಅರೆಬೆಂದ ಪ್ಯಾಚನ್ನು (ಕೋಡ್ ಬದಲಾವಣೆಯನ್ನು) ಒಳಗೆ ತುರುಕುವ ಒತ್ತಡವೂ ಹಾಗೇ ಇಳಿಯುತ್ತದೆ.

ನಿಜವಾಗಿ ದುಬಾರಿ ಬೀಳುವ ತಪ್ಪು ಬೇರೆಯೇ ಇದೆ: "ಒಡೆದಿದೆ, ಗೊತ್ತು, ಈ ವಾರದಲ್ಲೇ ಸರಿಮಾಡ್ತೀನಿ" ಅನ್ನುವುದು. ಒಂದು ಕಮಿಟ್‌ನಿಂದ (ದಾಖಲಾದ ಒಂದು ಬದಲಾವಣೆಯಿಂದ) ಒಂದು ಬಗೆಯ ಯಂತ್ರಗಳು ಬೂಟ್ ಆಗುವುದು ನಿಂತಿತು, 300 ಕಮಿಟ್ ಆದಮೇಲೆ ಸರಿಹೋಯಿತು ಅಂದುಕೊಳ್ಳಿ. ಆ 300 ಕಮಿಟ್‌ಗಳನ್ನು ಆ ಯಂತ್ರಗಳಲ್ಲಿ ಯಾರೂ ಪರೀಕ್ಷಿಸಿಯೇ ಇಲ್ಲ. ಎರಡನೇ ದೋಷ ನುಸುಳುವುದು ಅದೇ ಸಂದಿನಲ್ಲಿ. ಅದನ್ನು ಹುಡುಕಲು ಗಿಟ್ ಬೈಸೆಕ್ಟ್ (ಸುತ್ತು ಸುತ್ತಿಗೂ ಕಮಿಟ್‌ಗಳನ್ನು ಅರ್ಧಕ್ಕಿಳಿಸುತ್ತ ದೋಷ ತಂದದ್ದನ್ನು ಹಿಡಿಯುವ ಕಮಾಂಡ್) ಹಿಡಿದರೆ, 16,000 ಕಮಿಟ್ ಇದ್ದರೂ 14 ಸುತ್ತಿನಲ್ಲಿ ಸಿಗಬೇಕಾದದ್ದು ಈ ಸಂದಿಗೆ ಬಂದು ನಿಲ್ಲುತ್ತದೆ. ಬೂಟ್ ಆಗದ ಕರ್ನಲನ್ನು ಒಳ್ಳೆಯದೆನ್ನಲೂ ಆಗದು, ಕೆಟ್ಟದ್ದೆನ್ನಲೂ ಆಗದು. ಸ್ಕಿಪ್ ಮಾಡುತ್ತ ಹೋದರೆ ಕೊನೆಗೆ ಕೈಗೆ ಸಿಗುವುದು ಒಂದು ಕಮಿಟ್ ಅಲ್ಲ, 300 ಶಂಕಿತರ ಪಟ್ಟಿ. ಸ್ಕಿಪ್ ಬದಲು ಅವಸರದಲ್ಲಿ "ಬ್ಯಾಡ್" ಅಂದರೆ ಇನ್ನೂ ಕೆಟ್ಟದ್ದು: ಹುಡುಕಾಟ ದಾರಿ ತಪ್ಪಿ ಸಂಬಂಧವೇ ಇಲ್ಲದ ಪ್ಯಾಚ್‌ನ ಮೇಲೆ ಆರೋಪ ಬರುತ್ತದೆ. ಈ ಹುಡುಕಾಟವನ್ನು ತಾನೇ ನಡೆಸುವ ಬೈಸೆಕ್ಟ್ ರನ್‌ಗೆ ಸ್ಕ್ರಿಪ್ಟ್ ಕೊಡುವವರು ಇಲ್ಲಿ ಎಡವುವುದು ಬಹಳ. ಬಿಲ್ಡ್ ಮಾಡುವ ಮೇಕ್ ವಿಫಲವಾದರೆ 2 ಹಿಂತಿರುಗಿಸುತ್ತದೆ. 125 ಬಿಟ್ಟು 1ರಿಂದ 127ರವರೆಗಿನ ಎಲ್ಲ ಸಂಖ್ಯೆಯನ್ನೂ ಗಿಟ್ "ಬ್ಯಾಡ್" ಎಂದೇ ಓದುತ್ತದೆ. ಬಿಲ್ಡ್ ಸೋತರೆ, ಬೂಟ್ ಸೋತರೆ 125 (ಅಂದರೆ ಸ್ಕಿಪ್) ಕೊಟ್ಟು ಹೊರಬನ್ನಿ; ನೀವು ಹುಡುಕುತ್ತಿರುವ ದೋಷ ಕಂಡಾಗ ಮಾತ್ರ 1.

ಹಾಗಾಗಿ ನಿಯಮ ಒಂದೇ ಇರಲಿ: ಬೂಟ್ ಆಗದಿದ್ದರೆ, ಡೇಟಾ ಹಾಳಾದರೆ, ಚರ್ಚೆಗೆ ಮುಂಚೆ ರಿವರ್ಟ್, ಅಂದರೆ ಆ ಬದಲಾವಣೆಯನ್ನು ಹಿಂತೆಗೆಯುವುದು. ಉಳಿದದ್ದನ್ನು ಸರಿಪಡಿಸಲು ಒಂದು ಕೆಲಸದ ದಿನ ಸಾಕು. ಇದರಲ್ಲಿ ಯಾರಿಗೂ ಅವಮಾನವಿಲ್ಲ ಅನ್ನುವುದು ತಂಡಕ್ಕೆ ರೂಢಿಯಾಗಬೇಕು, ಅದಕ್ಕೆ ಹಿರಿಯರ ಪ್ಯಾಚ್ ಮೊದಲು ರಿವರ್ಟ್ ಆದರೆ ಒಳ್ಳೆಯದು. ಮರ್ಜ್ ಕಮಿಟನ್ನು (ಒಂದು ಬ್ರಾಂಚನ್ನು ತಂದು ಸೇರಿಸಿದ ಕಮಿಟನ್ನು) ರಿವರ್ಟ್ ಮಾಡಿದ್ದರೆ ಒಂದು ಎಚ್ಚರ: ಅದೇ ಬ್ರಾಂಚನ್ನು ಸರಿಪಡಿಸಿ ಮತ್ತೆ ಮರ್ಜ್ ಮಾಡಿದರೆ ಹಳೆಯ ಕಮಿಟ್‌ಗಳ ಬದಲಾವಣೆ ವಾಪಸ್ ಬರುವುದಿಲ್ಲ, ಅವು ಆಗಲೇ ಸೇರಿವೆ ಅಂತ ಗಿಟ್ ಲೆಕ್ಕ ಹಾಕುತ್ತದೆ. ಮೊದಲು ಆ ರಿವರ್ಟನ್ನು ರಿವರ್ಟ್ ಮಾಡಿ.

ರಿವರ್ಟ್‌ಗೆ ದಕ್ಕದ್ದೂ ಉಂಟು, ಡಿಸ್ಕ್ ಮೇಲಿನ ಫಾರ್ಮ್ಯಾಟ್. ಕೋಡ್ ಹಿಂದಕ್ಕೆ ಹೋಗುತ್ತದೆ, ಬರೆದ ಡೇಟಾ ಹೋಗುವುದಿಲ್ಲ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಇದನ್ನು ಸರಿಯಾಗಿ ಮಾಡಿದೆ: ಸಿಸ್ಟಂ ಹೊಸದಾದರೂ ಪೂಲ್ (ಅದರ ಡಿಸ್ಕ್‌ಗಳ ಗುಂಪು) ಹಳೆಯ ರೂಪದಲ್ಲೇ ಇರುತ್ತದೆ, ಝಡ್‌ಪೂಲ್ ಅಪ್‌ಗ್ರೇಡ್ ಅಂತ ನೀವೇ ಹೇಳಬೇಕು. ಹೇಳಿದ ಮೇಲೆ ಬೂಟ್‌ಲೋಡರ್ ನವೀಕರಿಸಲು ಮರೆತರೆ ಯಂತ್ರ ಏಳದೇ ಹೋಗಬಹುದು, ಅದು ಬೇರೆ ಮಾತು. ನಿಮ್ಮಲ್ಲಿ ಹೊಸ ಫಾರ್ಮ್ಯಾಟನ್ನು ಓದುವ ಕೋಡ್ ಒಂದು ಬಿಡುಗಡೆಯಲ್ಲಿ ಹೋಗಲಿ, ಬರೆಯುವ ಕೋಡ್ ಅದರ ಮುಂದಿನದರಲ್ಲಿ.

ಹಾಗಾದರೆ ಪ್ರಯೋಗ ಎಲ್ಲಿ? ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಅದಕ್ಕೆ ಎಕ್ಸ್‌ಪೆರಿಮೆಂಟಲ್ ಅನ್ನುವ ಬೇರೆ ಭಂಡಾರವೇ ಇದೆ. ಪ್ಯಾಕೇಜ್ ಹಾಕಿಕೊಡುವ ಆಪ್ಟ್ ಅದಕ್ಕೆ ಕೊಡುವ ಆದ್ಯತೆ 1, ಅಂದರೆ ಕೇಳಿದವರಿಗೆ ಮಾತ್ರ ಪ್ಯಾಕೇಜ್ ಬರುತ್ತದೆ. ಹೊಸ ಪ್ಯಾಕೇಜ್ ಮೊದಲು ಬರುವ ಅನ್‌ಸ್ಟೇಬಲ್‌ನಿಂದ, ಮುಂದಿನ ಬಿಡುಗಡೆ ರೂಪುಗೊಳ್ಳುವ ಟೆಸ್ಟಿಂಗ್‌ಗೆ ಹೋಗಲು ಸಾಮಾನ್ಯವಾಗಿ ಐದು ದಿನ ಕಾಯಬೇಕು, ಹೊಸ ಗಂಭೀರ ದೋಷ ತಂದಿರಬಾರದು. ನಿಮ್ಮದು ಸಣ್ಣ ತಂಡವಾದರೆ ಇಷ್ಟೆಲ್ಲ ಕಟ್ಟಬೇಡಿ. ಪ್ರತಿ ಪ್ರಯೋಗವೂ ಆಫ್ ಇರುವ ಒಂದು ಕಾನ್ಫಿಗ್ ಆಯ್ಕೆಯ ಹಿಂದೆ ಇರಲಿ, ಅದಕ್ಕೊಬ್ಬ ಹೊಣೆಗಾರ ಇರಲಿ, ಎರಡು ಬಿಡುಗಡೆಯೊಳಗೆ ಆನ್ ಆಗದಿದ್ದರೆ ಕೋಡ್ ಅಳಿಸಿ. ಹತ್ತು ಆಯ್ಕೆಗಳಿದ್ದರೆ 1,024 ಸಂಯೋಜನೆಗಳಾಗುತ್ತವೆ, ಅವನ್ನೆಲ್ಲ ಬೆನ್ನಟ್ಟಬೇಡಿ. ಎಲ್ಲ ಆಫ್, ಎಲ್ಲ ಆನ್, ಒಂದೊಂದೇ ಆನ್: 12 ಬಿಲ್ಡ್. ಪ್ರತಿಯೊಂದನ್ನೂ ಕ್ಯೂಎಂಯು (ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್) ಒಳಗೆ ಸೀರಿಯಲ್ ಕನ್ಸೋಲ್ ಇಟ್ಟು ಲಾಗಿನ್ ಪ್ರಾಂಪ್ಟ್ ತನಕ ಬೂಟ್ ಮಾಡಿ. ನಿಜವಾದ ಯಂತ್ರ ಒಂದಾದರೂ ಬೇಕು. ಸಸ್ಪೆಂಡ್, ಯುಎಸ್‌ಬಿ ದೋಷಗಳು ಕ್ಯೂಎಂಯುನಲ್ಲಿ ಕಾಣುವುದು ಅಪರೂಪ.

ಡೀಬಗ್ ತಪಾಸಣೆಗಳನ್ನು "ನಿಧಾನ" ಅಂತ ತೆಗೆಯಬೇಡಿ. ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂನ ಡೆವಲಪ್‌ಮೆಂಟ್ ಬ್ರಾಂಚಾದ ಕರೆಂಟ್‌ನಲ್ಲಿ ವಿಟ್ನೆಸ್, ಇನ್ವೇರಿಯಂಟ್ಸ್ ಎಂಬ ತಪಾಸಣೆಗಳು ಎರಡೂ ಆನ್ ಆಗಿಯೇ ಬರುತ್ತವೆ, ಲಾಕ್ ಹಿಡಿಯುವ ಕ್ರಮ ತಪ್ಪಿದರೆ ಯಂತ್ರ ಸ್ತಬ್ಧವಾಗುವ ಮೊದಲೇ ವಿಟ್ನೆಸ್ ಹೇಳುತ್ತದೆ. ವೇಗ ಅಳೆಯುವುದಿದ್ದರೆ ಬೇರೆ ಬಿಲ್ಡ್ ಮಾಡಿಕೊಳ್ಳಿ. ಅಲ್ಲಿಂದಲೇ ಇನ್ನೊಂದನ್ನೂ ಎತ್ತಿಕೊಳ್ಳಿ: ನೆಕ್ಸ್ಟ್‌ಬೂಟ್ ಕಮಾಂಡ್. ಹೊಸ ಕರ್ನಲನ್ನು ಒಂದೇ ಸಲಕ್ಕೆ ಬೂಟ್ ಮಾಡಿಸುತ್ತದೆ, ಅದು ಕೈಕೊಟ್ಟರೆ ಮುಂದಿನ ರೀಬೂಟ್‌ಗೆ ಹಳೆಯದೇ ಏಳುತ್ತದೆ. ನಿಮ್ಮ ಬೂಟ್‌ಲೋಡರ್‌ಗೆ ಈ ಸೌಲಭ್ಯವಿಲ್ಲದಿದ್ದರೆ ಬ್ರಾಂಚ್ ನೀತಿ ಬರೆಯುವ ಮುಂಚೆ ಅದನ್ನು ಬರೆಯಿರಿ.