ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತದೆ, ಮಗುವಿಗೆ ಯಾಕೆ ಕೇಳುವುದಿಲ್ಲ?

ಯಾರ ತಪ್ಪೂ ಅಲ್ಲ. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಲ್ಲಿ ಹೆಚ್ಚಿನವರ ಅಪ್ಪ ಅಮ್ಮನಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಅನೇಕ ಸಲ ಕಾರಣ ಜೀನ್. ಇಬ್ಬರಲ್ಲೂ ಒಂದೇ ಜೀನ್‌ನ ದೋಷ ಅಡಗಿದ್ದರೆ ಪ್ರತಿ ಮಗುವಿಗೂ ಕಿವಿ ಕೇಳದಿರುವ ಸಾಧ್ಯತೆ 25%. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದರೆ ಇದು ಜಾಸ್ತಿ. ಗ್ರಹಣ ಹಿಡಿಯಿತು ಅನ್ನುವುದೆಲ್ಲ ಸುಮ್ನೆ ಮಾತು.

ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆ ಹುಡುಗಿಯೂ ಹಾಗೆಯೇ. ಮೊದಲು ಮನೆಯವರೆಲ್ಲ ಕೂಗಿ ಕೂಗಿ ಸುಸ್ತಾದರು. ಈಗ ಅಜ್ಜಿ ಅಡುಗೆಮನೆ ಲೈಟನ್ನು ಎರಡು ಸಲ ಆರಿಸಿ ಹಾಕುತ್ತಾರೆ, ಹುಡುಗಿ ತಿರುಗುತ್ತಾಳೆ. ಅಂಗೈ ಮೇಲೆ ಬೆರಳು ಸುತ್ತಿಸಿದರೆ ದೋಸೆ. ಬೆಣ್ಣೆಗೆ ಸನ್ನೆ ಅವಳೇ ಮಾಡಿಕೊಂಡಿದ್ದಾಳೆ!

ಸನ್ನೆ ಕಲಿತರೆ ಮಾತು ಬರುವುದಿಲ್ಲ ಅಂತ ಹೆದರಿಸುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬೇಗ ಕರೆದುಕೊಂಡು ಹೋಗಿ.